ಮೊರದಲ್ಲಿ ಹಸನಾದ ಚೀನಿ

ಗಂಗಾವತಿಯ ನಮ್ಮ ಕಂಪ್ಯೂಟರ್ ಕ್ಲಾಸಿಗೆ ಮೊದಲ ಸಲ ಬಂದವರ ಕಣ್ಣು ಕಂಪ್ಯೂಟರುಗಳ ಮೇಲೆ ಬೀಳುವುದಿಲ್ಲ, ಅವುಗಳ ಹಿಂದೆ ಗೋಡೆಗೆ ತೂಗುಹಾಕಿದ ಬಿದಿರಿನ ಮೊರದ ಮೇಲೆ ಬೀಳುತ್ತದೆ. ಸಗಣಿ ಸಾರಿಸಿ ಒಣಗಿಸಿದ, ಅಂಚು ಸವೆದ, ನಿಜವಾಗಿ ದುಡಿದ ಮೊರ ಅದು. ಈಗ ಸಾಣಾಪುರದ ಕೆರೆಯ ಕಡೆ ಪ್ರವಾಸಿಗರಿಗೆಂದು ಕಟ್ಟಿದ ಹೋಟೆಲುಗಳಲ್ಲಿ ಮೊರಕ್ಕೆ ಬಣ್ಣ ಬಳಿದು ಗೋಡೆಗೆ ಹಾಕುತ್ತಾರಲ್ಲ, ಇದೂ ಅಂಥದ್ದೇ ಇರಬೇಕು ಎಂದು ಕೆಲವರು ತಿಳಿಯುತ್ತಾರೆ. ಮಕ್ಕಳನ್ನು ಸೇರಿಸಲು ಬಂದ ತಾಯಂದಿರು ಮಾತ್ರ ದನಿ ತಗ್ಗಿಸಿ ಕೇಳುತ್ತಾರೆ, "ದೃಷ್ಟಿಗೆ ಕಟ್ಟೀರೇನ್ರಿ ಬಾಯಾರ?"

ನಮ್ಮ ಕಡೆ ಪಾಠ ಹೇಳುವ ಹೆಂಗಸರೆಲ್ಲ ಬಾಯಾರೇ. ನಾನು ಗಂಭೀರವಾಗಿ ಉತ್ತರ ಕೊಡುತ್ತೇನೆ: "ಅಲ್ಲವ್ವಾ, ಅದು ನಮ್ಮ ಚೀನಿ ಭಾಷೆಯ ಪಠ್ಯಪುಸ್ತಕ." ಅವರು ನಗುತ್ತಾರೆ. ನಾನೂ ನಗುತ್ತೇನೆ. ಆದರೆ ನಾನು ಹೇಳಿದ್ದು ಸುಳ್ಳಲ್ಲ.

ನನಗೆ ಚೀನಿ ಬರುತ್ತದೆಯೇ ಎಂದು ಮಾತ್ರ ಕೇಳಬೇಡಿ. ಬರುವುದಿಲ್ಲ. ಕಲಿಸಿದ್ದೇನೆ, ಅಷ್ಟೆ. ಬಾರದ್ದನ್ನು ಕಲಿಸುವುದು ಕಂಪ್ಯೂಟರ್ ಕ್ಲಾಸು ನಡೆಸುವವರಿಗೆ ಹೊಸತೇನಲ್ಲ. ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ, ಸೈಕಲ್ ಅಂಗಡಿಯೊಂದರ ಮಹಡಿಯಲ್ಲಿ ಎರಡು ಕಂಪ್ಯೂಟರ್ ಇಟ್ಟುಕೊಂಡು ನಾನು ಬೋರ್ಡು ಹಾಕಿದಾಗ, ಬೋರ್ಡಿನ ಮೇಲೆ ಬರೆಸಿದ್ದ ಕೋರ್ಸುಗಳಲ್ಲಿ ಅರ್ಧ ನನಗೇ ಗೊತ್ತಿರಲಿಲ್ಲ. ಪುಸ್ತಕದಲ್ಲಿ ವಿದ್ಯಾರ್ಥಿಗಳಿಗಿಂತ ಒಂದು ಪಾಠ ಮುಂದಿದ್ದರೆ ಸಾಕು, ಮಿಕ್ಕದ್ದನ್ನು ಮುಖದ ಮೇಲಿನ ಧೈರ್ಯ ನೋಡಿಕೊಳ್ಳುತ್ತದೆ. ಆಗ ಎಲ್ಲರೂ ಚಪ್ಪಲಿ ಹೊರಗೆ ಬಿಟ್ಟು, ಗುಡಿಯೊಳಗೆ ಬಂದವರ ಹಾಗೆ ಬರುತ್ತಿದ್ದರು. ಆಯುಧ ಪೂಜೆಯ ದಿನ ನಾನು ಮಾನಿಟರಿಗೆ ವಿಭೂತಿ ಹಚ್ಚಿ, ಕೀಬೋರ್ಡಿನ ಮೇಲೆ ಚೆಂಡು ಹೂವು ಇಟ್ಟು, ಮರುದಿನ ಸ್ಪೇಸ್ ಬಾರಿನ ಅಡಿಯಿಂದ ಎಸಳು ತೆಗೆಯುತ್ತ ಕೂತಿರುತ್ತಿದ್ದೆ.

ಮೊರದ ಮಾತಿಗೆ ಬರುತ್ತೇನೆ. ನನಗೂ ಮೊರಕ್ಕೂ ಹಳೆಯ ಜಗಳ. ನನ್ನ ತವರು ಕುಷ್ಟಗಿ ತಾಲೂಕಿನ ಹನುಮಸಾಗರ. ನಮ್ಮದು ಜೋಳದ ರೊಟ್ಟಿಯ ಸೀಮೆ. ಅಕ್ಕಿ ಬರುವುದು ಗಂಗಾವತಿಯಿಂದ, ಅದೂ ಹಬ್ಬಕ್ಕೋ ಬೀಗರು ಬಂದಾಗಲೋ. ಹಾಗೆ ಬಂದ ಅಕ್ಕಿಯಲ್ಲಿ ಕಲ್ಲೂ ಇರುತ್ತಿತ್ತು. ಅವ್ವ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೊರದಲ್ಲಿ ಅಕ್ಕಿ ಹರಡಿಕೊಂಡಳೆಂದರೆ ಅವಳ ಬೆರಳು ತಾನೇ ಓಡಾಡುತ್ತಿತ್ತು, ಬಾಯಿ ಪಕ್ಕದ ಮನೆಯವಳ ಜೊತೆ ಮಾತಾಡುತ್ತಿತ್ತು. ನನ್ನ ಕೈಗೆ ಕೊಟ್ಟರೆ ನಾನು ಒಂದೊಂದು ಕಾಳನ್ನೂ ಎತ್ತಿ ನೋಡಿ, ಇದು ಒಳ್ಳೆಯದು ಎಂದು ಪಕ್ಕಕ್ಕೆ ಇಡುತ್ತಿದ್ದೆ. ಊಟದ ಹೊತ್ತಿಗೆ ಒಂದು ಹಿಡಿ ಆಗಿರುತ್ತಿತ್ತು. ಒಂದು ಯುಗಾದಿಗೆ ಅವ್ವ ಕಾದು ಬೇಸತ್ತು, ಮೊರದಲ್ಲಿ ಉಳಿದದ್ದನ್ನೂ ಸೇರಿಸಿ ಅನ್ನಕ್ಕಿಟ್ಟಳು. ಅಪ್ಪನ ಬಾಯಲ್ಲಿ ಕಟ್ ಎಂದಿತು. ಎಲ್ಲರೂ ಊಟ ಬಿಟ್ಟು ನನ್ನನ್ನೇ ನೋಡಿದರು. ಸಾಲಿ ಮಾಸ್ತರಾಗಿದ್ದ ಅಪ್ಪ ನೀರು ಕುಡಿದು, "ಈ ಸಲ ಅಕ್ಕಿ ಭಾಳ ಗಟ್ಟಿ ಬಂದಾವು" ಎಂದು ಊಟ ಮುಂದುವರಿಸಿದ. ಆ ಮಾತನ್ನು ನೆನೆದರೆ ಅಪ್ಪನ ಮೇಲೆ ಇವತ್ತಿಗೂ ಪ್ರೀತಿ ಉಕ್ಕುತ್ತದೆ. ಅಂಥವಳನ್ನು ತಂದು ಅಕ್ಕಿ ಮಿಲ್ಲುಗಳ ಊರಿಗೇ ಮದುವೆ ಮಾಡಿ ಕೊಟ್ಟರು.

ಕ್ಲಾಸು ಶುರುವಾಗಿ ಹತ್ತು ವರ್ಷದ ಸುಮಾರಿಗೆ ಒಂದು ಮಧ್ಯಾಹ್ನ ನಾಲ್ಕು ಜನ ಹೆಂಗಸರು ಮೆಟ್ಟಿಲು ಹತ್ತಿ ಬಂದರು. ಸೀರೆಯ ಮೇಲೆ, ರೆಪ್ಪೆಯ ಮೇಲೆ, ಎಲ್ಲ ಕಡೆ ತೌಡಿನ ಧೂಳು. ಮುಂದಿದ್ದವಳು ಹುಲಿಗೆಮ್ಮ. ಬೈಪಾಸಿನ ಕಡೆಯ ಒಂದು ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುವ ಹೆಂಗಸರ ಮುಂದಾಳು. ಗಟ್ಟಿ ದನಿಯವಳು. ಯಾರಿಗೂ ಹೆದರಿದವಳಲ್ಲ, ಯಾರನ್ನೂ ಮಾತಾಡಲು ಬಿಟ್ಟವಳೂ ಅಲ್ಲ. ಅವಳ ಬೆನ್ನಿಗೆ ಅಂಟಿಕೊಂಡಂತೆ ನಿಂತಿದ್ದವಳು ಯಂಕಮ್ಮ, ಎಲ್ಲದಕ್ಕೂ ಮೊದಲು ನಗುವವಳು.

"ಬಾಯಾರ, ಚೀನಿ ಕಲಸ್ರಿ," ಎಂದಳು ಹುಲಿಗೆಮ್ಮ, ಚಹಾ ಕೊಡ್ರಿ ಎಂದು ಹೋಟೆಲಿನಲ್ಲಿ ಕೇಳುವ ಹಾಗೆ.

ವಿಷಯ ಹೀಗಿತ್ತು. ಮಿಲ್ಲಿಗೆ ಚೀನಾದಿಂದ ಹೊಸ ಮಿಷನ್ ಬಂದಿತ್ತು. ಒಳಗಿನ ಕ್ಯಾಮೆರಾ ಒಂದೊಂದು ಕಾಳನ್ನೂ ನೋಡಿ, ಕರಿಕಾಳು, ಕೆಂಪುಕಾಳು, ಕಲ್ಲು ಕಂಡರೆ ಗಾಳಿ ಊದಿ ಪಕ್ಕಕ್ಕೆ ತಳ್ಳುವ ಮಿಷನ್. ಇನ್ನು ಮೊರ ಹಿಡಿದು ಕೂರುವ ಹೆಂಗಸರು ಬೇಕಾಗಿಲ್ಲ. ಮಿಷನ್ ನೋಡಿಕೊಳ್ಳಲು ಎರಡು ಪಾಳಿ, ಪಾಳಿಗೆ ಇಬ್ಬರು. ಅವರನ್ನು ಬೇರೆ ಊರಿನಿಂದ ಕರೆಸುವುದೆಂದು ಮಿಲ್ಲಿನ ಸಾವಕಾರರು ಮಾತಾಡಿಯೂ ಇಟ್ಟಿದ್ದರು. ಹುಲಿಗೆಮ್ಮ ನೇರ ಅವರ ಮುಂದೆ ಹೋಗಿ ನಿಂತು, "ನಾವು ಕಲತ್ರ?" ಎಂದು ಕೇಳಿದ್ದಳು. ಕಾಲುವೆ ಬಂದ ಕಾಲದಲ್ಲಿ ಆಂಧ್ರದಿಂದ ಬಂದು ನೆಲೆಸಿದ ಮನೆತನ ಸಾವಕಾರರದು, ಕನ್ನಡದ ಬಾಲಕ್ಕೆ ತೆಲುಗು ಅಂಟಿರುತ್ತದೆ. "ಸ್ಕ್ರೀನ್ ಪೂರಾ ಚೀನಿ ಐತಿ ಕದಮ್ಮಾ. ನೀವು ಹೆಬ್ಬೆಟ್ಟಿನ ಮಂದಿ. ಮೊದಲು ಚೀನಿ ಕಲ್ತು ಬರ್ರಿ, ಮಿಷನ್ ನಿಮ್ದೇ," ಎಂದು ನಕ್ಕಿದ್ದರು. ಅವರು ತಮಾಷೆಗೆ ಅಂದದ್ದು. ಹುಲಿಗೆಮ್ಮ ಅದನ್ನು ಮಾತು ಕೊಟ್ಟದ್ದೆಂದು ಹಿಡಿದಳು. "ಮಾತು ಮಾತಾಗಿರಲಿ ಮತ್ತ, ಸಾವಕಾರ್ರ," ಎಂದು ಎಲ್ಲರ ಮುಂದೆ ಅಂದು, ಅಲ್ಲಿಂದ ನೇರ ನನ್ನ ಮೆಟ್ಟಿಲಿಗೆ ಬಂದಿದ್ದಳು.

"ಚೀನಾದ ಇಂಜಿನಿಯರ್ ಬಂದು ಮಿಷನ್ ಚಾಲೂ ಮಾಡ್ತಾನಂತ್ರಿ. ಅವ ಬರೋದ್ರಾಗ ನಾವು ಕಲತಿರಬೇಕು. ಇಲ್ಲಾಂದ್ರ ನಾಕೂ ಮಂದಿ ಮನಿಗೆ," ಎಂದಳು. ಯಂಕಮ್ಮ ಆಗ ಮಾತ್ರ ನಗಲಿಲ್ಲ.

ಬುದ್ಧಿ ಇದ್ದವರು ಯಾರಾದರೂ ಆಗುವುದಿಲ್ಲ ಎನ್ನುತ್ತಿದ್ದರು. ನಾನು, "ನಾಳೆ ಮಧ್ಯಾಹ್ನದಿಂದ ಬರ್ರಿ," ಎಂದೆ. ಹೇಳಿದ ಮೇಲೆ ಎದೆ ಹಾರಿತು ಎಂದು ಬರೆದರೆ ಚಂದ ಕಾಣುತ್ತದೆ, ಆದರೆ ಹಾರಲಿಲ್ಲ. ನನ್ನ ಸ್ವಭಾವವೇ ಅಂಥದ್ದು. ಯಲಬುರ್ಗಿಯಿಂದ ಬಂದ ಹುಡುಗಿಯರಿಗೆ ಇಂಗ್ಲಿಷ್ ಕೀಬೋರ್ಡಿನಲ್ಲಿ ಕನ್ನಡ ಟೈಪಿಂಗ್ ಕಲಿಸಿದವಳಿಗೆ ಚೀನಿ ಯಾವ ಲೆಕ್ಕ ಎಂದುಕೊಂಡೆ.

ಮೊದಲು ಹುಬ್ಬಳ್ಳಿಯಿಂದ ಚೀನಿ ಕಲಿಸುವ ಸಿಡಿಯೊಂದನ್ನು ತರಿಸಿದೆ. ಅದರಲ್ಲಿ ಟೈ ಕಟ್ಟಿದವನೊಬ್ಬ ಬಂದು ನಮಸ್ಕಾರ ಹೇಳಿ, ತನ್ನ ಹೆಸರು ಹೇಳಿ, ಗ್ರಂಥಾಲಯ ಎಲ್ಲಿದೆ ಎಂದು ಕೇಳುತ್ತಿದ್ದ. "ಮಿಲ್ಲಿನ್ಯಾಗ ಇವಗ ಗ್ರಂಥಾಲಯ ಯಾಕ ಬೇಕಂತ್ರಿ?" ಎಂದಳು ಯಂಕಮ್ಮ. ಆದರೂ ನಮಸ್ಕಾರವಾದರೂ ಬರಲಿ ಎಂದು ಹೇಳಿಸಿದೆ. ಚೀನಿಯಲ್ಲಿ ನಮಸ್ಕಾರಕ್ಕೆ 'ನೀ ಹಾವ್' ಎನ್ನುತ್ತಾರೆ. ಅದರಲ್ಲಿ ನೀ ಎಂದರೆ ನಮ್ಮ ಹಾಗೆ ನೀನೇ ಎಂದು ನಾನು ಜಾಣತನ ತೋರಿಸಲು ಹೋಗಿ ಸಿಕ್ಕಿಬಿದ್ದೆ. "ಮನಿಗೆ ಬಂದವರಿಗೆ ನೀ ಅಂತ ಹೆಂಗನ್ನೋದ್ರಿ? ಬರಾಂವ ದೊಡ್ಡ ಮನಷ್ಯಾ," ಎಂದು ಹುಲಿಗೆಮ್ಮ ಹಟ ಹಿಡಿದಳು. ಕೊನೆಗೆ ನಾಲ್ವರೂ 'ನೀ ಹಾವ್ ರಿ' ಎಂದರು. ಕಂಪ್ಯೂಟರಿಗೆ ಮೈಕು ಹಚ್ಚಿ ಹೇಳಿಸಿದರೆ ಸಿಡಿ ಪ್ರತಿ ಸಲವೂ ಸೊನ್ನೆ ಕೊಟ್ಟಿತು. ರಿ ಬಿಡ್ರವ್ವಾ ಎಂದರೆ ಯಾರೂ ಬಿಡಲಿಲ್ಲ. ಸಿಡಿಯನ್ನು ಡಬ್ಬಿಗೆ ಹಾಕಿಟ್ಟೆ.

ಇವರಿಗೆ ಬೇಕಾದದ್ದು ಮಾತಲ್ಲ, ಪರದೆಯ ಮೇಲಿನ ಅಕ್ಷರ ಎಂದು ಆಗ ಹೊಳೆಯಿತು. ಸಾವಕಾರರು ಮೊದಲು ಒಂದೊಂದು ಗುಂಡಿಯ ಮೇಲೂ ಕನ್ನಡದ ಚೀಟಿ ಅಂಟಿಸಿ ನೋಡಿದ್ದರಂತೆ. ಅದು ಬೆರಳಿನಿಂದ ಮುಟ್ಟುವ ಪರದೆ, ಪುಟ ಬದಲಾದ ಕೂಡಲೇ 'ಚಾಲೂ' ಎಂಬ ಚೀಟಿಯ ಕೆಳಗೆ 'ನಿಲ್ಲಿಸು' ಬಂದು ಕೂತಿತ್ತು. ಅಕ್ಷರ ಕಲಿಯದೆ ಬೇರೆ ದಾರಿ ಇರಲಿಲ್ಲ.

ಮಿಷನ್ ಜೊತೆ ಬಂದ ಪುಸ್ತಿಕೆಯನ್ನು ತಂದು ಸ್ಕ್ಯಾನ್ ಮಾಡಿ, ಒಂದೊಂದು ಗುಂಡಿಯ ಚಿತ್ರವನ್ನೂ ಕತ್ತರಿಸಿಕೊಂಡೆ. ಅರ್ಥ ಹುಡುಕಲು ಇಂಟರ್‌ನೆಟ್ಟಿನ ನಿಘಂಟಿನಲ್ಲಿ ಮೌಸಿನಿಂದ ಅಕ್ಷರದ ಗೆರೆ ಎಳೆದು ತೋರಿಸಬೇಕಿತ್ತು. ಮೌಸಿನಿಂದ ಚೀನಿ ಅಕ್ಷರ ಬರೆಯುವುದೆಂದರೆ ಒನಕೆ ಹಿಡಿದು ರಂಗೋಲಿ ಹಾಕಿದ ಹಾಗೆ. 'ಅಕ್ಕಿ' ಎಂಬುದಕ್ಕೆ ನಿಘಂಟು ಒಮ್ಮೆ ನನಗೆ ಮರ ಎಂದಿತು, ಒಮ್ಮೆ ಹತ್ತು ಎಂದಿತು. ಅಂತೂ ಎಲ್ಲಕ್ಕೂ ಅರ್ಥ ಸಿಕ್ಕಿತು. ಮಕ್ಕಳಿಗೆ ಕಲಿಸುತ್ತಿದ್ದ ಪ್ರೋಗ್ರಾಮಿಂಗಿನಲ್ಲೇ ಒಂದು ಆಟ ಬರೆದೆ. ಪರದೆಯ ಮೇಲೆ ಆರು ಚೀನಿ ಗುಂಡಿಗಳು. ನನ್ನದೇ ದನಿ 'ನಿಲ್ಲಿಸು' ಎಂದೋ 'ಗಾಜು ಸ್ವಚ್ಛ ಮಾಡು' ಎಂದೋ ಹೇಳುತ್ತದೆ. ಸರಿಯಾದದ್ದರ ಮೇಲೆ ಬಾಣ ತಂದು ಒತ್ತಿದರೆ ಗಂಟೆ, ತಪ್ಪು ಒತ್ತಿದರೆ ಕಾಗೆಯ ಕೂಗು. ಕಾಗೆ ನನ್ನ ಸ್ವಂತ ಕಲ್ಪನೆ. ಬಹಳ ಹೆಮ್ಮೆಪಟ್ಟಿದ್ದೆ.

ಒಂದು ವಾರ ಚಿತ್ರ ತೋರಿಸಿ, ಕಥೆ ಕಟ್ಟಿ ಅಕ್ಷರ ಹೇಳಿಕೊಟ್ಟೆ. ಅಕ್ಕಿಗೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ, ನಾಲ್ಕು ಮೂಲೆಗೆ ನಾಲ್ಕು ಗೀಟು. "ಇದು ನಾವು ಹೊಸ್ತಿಲ ಮುಂದ ದಿನಾ ಹಾಕೋದಲ್ರಿ," ಎಂದರು. ಸ್ವಚ್ಛ ಮಾಡುವುದಕ್ಕೆ ಎಡಗಡೆ ನೀರು ಸಿಡಿದ ಹಾಗೆ ಮೂರು ಹನಿ. ನಿಲ್ಲಿಸು ಎಂಬುದಕ್ಕೆ ಒಬ್ಬ ಮನುಷ್ಯ ಪಕ್ಕಕ್ಕೆ ನಿಂತ ಹಾಗೆ. ಎಲ್ಲದಕ್ಕೂ ತಲೆಯಾಡಿಸಿದರು. ಆಮೇಲೆ ಆಟ ಇಟ್ಟೆ.

ಹುಲಿಗೆಮ್ಮ ಮೌಸು ಹಿಡಿದಳು. ನನ್ನ ದನಿ 'ನಿಲ್ಲಿಸು' ಎಂದಿತು. ಅವಳು ಒಂದು ಗುಂಡಿ ಒತ್ತಿದಳು, ಕಾಗೆ ಕೂಗಿತು. ಇನ್ನೊಂದು ಒತ್ತಿದಳು, ಕಾಗೆ. ಹೀಗೆ ಐದು ಸಲ ಕಾಗೆ ಕೂಗಿಸಿ, ಸರಿಯಾದ ಒಂದನ್ನು ಮಾತ್ರ ಮುಟ್ಟದೆ ಬಿಟ್ಟು, ಗೆದ್ದವಳ ಹಾಗೆ ನನ್ನ ಕಡೆ ನೋಡಿದಳು. ಯಂಕಮ್ಮನೂ ಹಾಗೇ ಮಾಡಿದಳು. ಉಳಿದಿಬ್ಬರೂ ಹಾಗೇ. ಕೆಳಗಿನ ಸೈಕಲ್ ಅಂಗಡಿಯವನು ಮೇಲೆ ಬಂದು, "ಯಾರದರ ತಿಥಿ ಐತೇನ್ರಿ?" ಎಂದು ಕೇಳಿ ಹೋದ. ನಾಲ್ವರಿಗೂ ಕಂಪ್ಯೂಟರ್ ಕೊಟ್ಟ ಅಂಕ ಸೊನ್ನೆ.

ನನಗೆ ಸಿಟ್ಟು ಬಂತು. "ಸರಿ ಇದ್ದದ್ದನ್ನ ಒತ್ತಬೇಕವ್ವಾ," ಎಂದೆ.

"ಸರಿ ಇದ್ದದ್ದಕ್ಕ ಯಾಕ ಬೆರಳು ಹಚ್ಚಬೇಕ್ರಿ?" ಎಂದಳು ಹುಲಿಗೆಮ್ಮ. "ಅದು ಸರಿನ ಐತಲ್ಲ."

"ಆಟ ಇರೋದ ಹಂಗ."

"ಆಟ ಉಲ್ಟಾ ಐತಿ ಹಂಗಾರ."

ಮರುದಿನ ಅವಳು ಕಂಕುಳಲ್ಲಿ ಮೊರ ಇಟ್ಟುಕೊಂಡು, ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ಬಂದಳು. ಕಂಪ್ಯೂಟರ್ ಪಕ್ಕಕ್ಕೆ ಸರಿಸಿ ಮೊರ ಇಟ್ಟು ಅಕ್ಕಿ ಹರಡಿದಳು. ತೋರುಬೆರಳು ಸರಸರ ಓಡಿತು. ಕಲ್ಲು, ಕರಿಕಾಳು, ನೆಲ್ಲು ಒಂದೊಂದಾಗಿ ಅಂಚಿಗೆ ಹೋಗಿ ಬಿದ್ದವು. ಒಳ್ಳೆಯ ಕಾಳನ್ನು ಬೆರಳು ಮುಟ್ಟಲೇ ಇಲ್ಲ. "ಛಲೋ ಕಾಳು ಒಂದೊಂದ ಮುಟಿಗೋತ ಕುಂತ್ರ ಒಂದು ಚೀಲ ಯಾವಾಗ ಮುಗೀಬೇಕ್ರಿ?" ಎಂದಳು.

ಹನುಮಸಾಗರದ ಪಡಸಾಲೆ ಕಣ್ಣಿಗೆ ಬಂತು. ಒಳ್ಳೆಯ ಕಾಳನ್ನು ಒಂದೊಂದಾಗಿ ಎತ್ತಿಡುತ್ತಿದ್ದ ಹುಡುಗಿ ದೊಡ್ಡವಳಾಗಿ ಅಂಥದ್ದೇ ಒಂದು ಆಟ ಬರೆದಿದ್ದಳು. ಹಿಂದಿನ ದಿನದ್ದನ್ನು ನೆನೆಸಿಕೊಂಡೆ. ಐದು ತಪ್ಪನ್ನು ಹುಡುಕಿ ಒಂದನ್ನು ಉಳಿಸಬೇಕಾದರೆ ಆ ಒಂದು ಗೊತ್ತಿರಲೇಬೇಕಲ್ಲ. ಇವರು ನಾಲ್ವರೂ ಒಂದಕ್ಷರವನ್ನೂ ತಪ್ಪಿರಲಿಲ್ಲ. ನನಗೆ ಎಷ್ಟು ಸಂತೋಷವಾಯಿತೆಂದರೆ ಎಲ್ಲರಿಗೂ ಕೆಳಗಿನಿಂದ ಮಿರ್ಚಿ ಮಂಡಕ್ಕಿ ತರಿಸಿದೆ.

ಆಟ ಬದಲಿಸಿದೆ. ಪರದೆಗೆ ಮೊರದ ಬಣ್ಣ ಕೊಟ್ಟೆ. ತಪ್ಪು ಅಕ್ಷರವನ್ನು ಒತ್ತಿದರೆ ಅದು ಅಂಚಿಗೆ ಉರುಳಿ ಬಿದ್ದು ಹೋಗುತ್ತದೆ, ಸರಿಯಾದದ್ದು ಕೊನೆಗೆ ಒಂಟಿಯಾಗಿ ಉಳಿದು ಹೊಳೆಯುತ್ತದೆ. ಕಾಗೆಗೆ ರಜೆ ಕೊಟ್ಟೆ. ಆರು ಇದ್ದದ್ದನ್ನು ಹನ್ನೆರಡು ಮಾಡಿದೆ, ಆಮೇಲೆ ಪರದೆ ತುಂಬ. ಒಂದು ಗೆರೆ ಹೆಚ್ಚುಕಡಿಮೆ ಇರುವ ಅಕ್ಷರಗಳನ್ನು ಬೇಕೆಂದೇ ಬೆರೆಸಿದೆ. ಅವರ ಕಣ್ಣಿಗೆ ಅವು ನುಚ್ಚು, ಕಲ್ಲಿನ ಹಾಗೆ ಕಂಡವು. ಯಂಕಮ್ಮ ಅವಸರ ಮಾಡಿ ಒಮ್ಮೊಮ್ಮೆ ಸರಿಯಾದದ್ದನ್ನೂ ಉರುಳಿಸಿಬಿಡುತ್ತಿದ್ದಳು, ಆಗ ಉಳಿದವರಿಂದ ಬೈಸಿಕೊಳ್ಳುತ್ತಿದ್ದಳು. ಒಂದು ದಿನ ನನ್ನನ್ನೂ ಕೂರಿಸಿದರು. ನಾನೇ ಬರೆದ ಆಟ, ನಾನೇ ಅರ್ಥ ಹುಡುಕಿದ ಅಕ್ಷರ. ನನಗಿಂತ ಯಂಕಮ್ಮ ಬೇಗ ಮುಗಿಸಿದಳು. "ಬಾಯಾರ, ನಿಮ್ಮ ಮನ್ಯಾಗ ಅನ್ನಕ್ಕ ಇಡೋರು ಯಾರ್ರಿ?" ಎಂದು ಕೇಳಿದಳು ಹುಲಿಗೆಮ್ಮ. ನಮ್ಮ ಮನೆಯವರ ಹಲ್ಲಿನ ಸ್ಥಿತಿಯನ್ನು ನಾನು ಹೇಳಲಿಲ್ಲ.

ಚೀನಾದ ಇಂಜಿನಿಯರ್ ಬಂದ. ಹೆಸರು ಚೆನ್. ಗಂಗಾವತಿ ಅರ್ಧ ದಿನದಲ್ಲಿ ಅವನನ್ನು ಚೆನ್ನಪ್ಪ ಮಾಡಿತು. ನಡುವಯಸ್ಸಿನ, ಕಡಿಮೆ ಮಾತಿನ ಮನುಷ್ಯ. ಅವನ ಇಂಗ್ಲಿಷೂ ನನ್ನ ಇಂಗ್ಲಿಷೂ ಸೇರಿದರೆ ಕೆಲಸ ನಡೆಯುವಷ್ಟಾಗುತ್ತಿತ್ತು. ಹುಲಿಗೆಮ್ಮ ನನ್ನನ್ನೂ ಮಿಲ್ಲಿಗೆ ಕರೆದೊಯ್ದಿದ್ದಳು. ನಾಲ್ವರೂ ಸಾಲಾಗಿ ನಿಂತು ಕೈ ಮುಗಿದು, "ನೀ ಹಾವ್ ರಿ," ಎಂದರು. ಅವನು ರಿ ಯಾವ ಪದ ಎಂದು ನನ್ನ ಮುಖ ನೋಡಿದ. ಗೌರವ ಎಂದು ವಿವರಿಸಿದೆ. ಅವನು ಇನ್ನೊಮ್ಮೆ ತಲೆ ಬಾಗಿಸಿದ.

ಮಿಷನ್ ಚಾಲೂ ಆಯಿತು. ಬಿಳಿ ಅಕ್ಕಿ ಒಂದು ಕಡೆ, ಕಸ ಒಂದು ಕಡೆ ಸುರಿಯತೊಡಗಿತು. ಅದೂ ಇವರ ಹಾಗೇ, ಒಳ್ಳೆಯದನ್ನು ಮುಟ್ಟದೆ ಬಿಟ್ಟು ಕೆಟ್ಟದ್ದನ್ನು ಮಾತ್ರ ತಳ್ಳುತ್ತಿತ್ತು. ಬೇರೆ ಊರಿನಿಂದ ಕರೆಸಿದ್ದ ಆಪರೇಟರ್ ಇನ್‌ಶರ್ಟ್ ಮಾಡಿಕೊಂಡು ಬಾಗಿಲ ಹತ್ತಿರ ಕಾಯುತ್ತ ನಿಂತಿದ್ದ. ಸಾವಕಾರರು ಅವನನ್ನೂ ನೋಡಿದರು, ಹುಲಿಗೆಮ್ಮನನ್ನೂ ನೋಡಿದರು. "ಏಮಮ್ಮಾ, ಚೀನಿ ಬಂತಾ? ನೋಡೋಣ," ಎಂದರು.

ಚೆನ್ ಏನು ಮಾಡಿದ ಗೊತ್ತೇ? ಒಂದು ಹಿಡಿ ತೌಡು ತೆಗೆದು ಮಿಷನ್ನಿನ ಕ್ಯಾಮೆರಾದ ಗಾಜಿಗೆ ಎರಚಿದ. ಕಣ್ಣು ಮಸುಕಾದ ಮಿಷನ್ನಿಗೆ ಎಲ್ಲ ಕಾಳೂ ಕರಿಯಾಗಿ ಕಂಡವು. ಅಪ್ಪಟ ಬಿಳಿ ಅಕ್ಕಿಯೆಲ್ಲ ಕಸದ ಕಡೆಗೆ ಹಾರತೊಡಗಿತು. ಸಾವಕಾರರ ಮುಖ ಸಣ್ಣದಾಯಿತು. ಚೆನ್ ಪರದೆಯ ಮೇಲೆ ಗುಂಡಿಗಳ ಪುಟ ತೆರೆದಿಟ್ಟು, ಹುಲಿಗೆಮ್ಮನ ಕಡೆ ಕೈ ತೋರಿಸಿ, ಹಿಂದೆ ಸರಿದು ನಿಂತ.

ಅವಳು ಮುಂದೆ ಬಂದು ತೋರುಬೆರಳು ಎತ್ತಿದಳು. ಆ ಬೆರಳು ಕಂಡ ಕೂಡಲೇ ನನ್ನ ಎದೆ ಧಸಕ್ಕೆಂದಿತು. ಇಷ್ಟು ದಿನ ನಾನು ಇವಳಿಗೆ ಕಲಿಸಿದ್ದು ಏನು? ಬೇಡವಾದದ್ದನ್ನು ಒತ್ತು, ಬೇಕಾದದ್ದನ್ನು ಮುಟ್ಟಬೇಡ ಎಂದು. ಇದು ನನ್ನ ಆಟವಲ್ಲ, ನಿಜವಾದ ಮಿಷನ್. ಇಲ್ಲಿ ತಪ್ಪು ಅಕ್ಷರ ಅಂಚಿಗೆ ಉರುಳಿ ಬೀಳುವುದಿಲ್ಲ, ಒತ್ತಿದ ಕೆಲಸ ಆಗಿಯೇ ಬಿಡುತ್ತದೆ. ಆ ಪುಟದಲ್ಲಿ ಮಿಷನ್ನಿನ ಎಲ್ಲ ಸೆಟ್ಟಿಂಗುಗಳನ್ನೂ ಅಳಿಸಿ ಹಾಕುವ ಗುಂಡಿಯೂ ಇತ್ತು. ಕೂಗಿ ಹೇಳೋಣವೆಂದರೆ ನಾನು ಹೇಳಿಕೊಟ್ಟೆನೆಂದು ಅವಳ ಕೆಲಸ ಅಲ್ಲಿಗೇ ಮುಗಿಯುತ್ತಿತ್ತು. ಯಾವ ತರಗತಿಯಲ್ಲೂ ಹೆದರದ ನಾನು ಅವತ್ತು ಯಂಕಮ್ಮನ ರಟ್ಟೆ ಗಟ್ಟಿಯಾಗಿ ಹಿಡಿದುಕೊಂಡೆ. ಯಂಕಮ್ಮ ನನ್ನ ರಟ್ಟೆ ಹಿಡಿದುಕೊಂಡಿದ್ದಳು.

ಹುಲಿಗೆಮ್ಮನ ಬೆರಳು ಪರದೆಗೆ ತಾಗಲಿಲ್ಲ. ಒಂದು ಗೇಣು ದೂರದಲ್ಲೇ ಗಾಳಿಯಲ್ಲಿ ಆಡಿತು. ಒಂದು ಅಕ್ಷರದ ಎದುರು ಕಾಳು ತಳ್ಳುವ ಹಾಗೆ ಸಣ್ಣಗೆ ಚಿಮ್ಮಿತು. ಮುಂದಿನದಕ್ಕೆ ಹೋಗಿ ಮತ್ತೆ ಚಿಮ್ಮಿತು. ನಿಲ್ಲಿಸು ಹೋಯಿತು, ದೀಪ ಹೋಯಿತು, ಅಳಿಸು ಹೋಯಿತು. ಅಕ್ಕಿ ಕಸಕ್ಕೆ ಸುರಿಯುತ್ತಲೇ ಇತ್ತು. "ಬೇಗ ಕಾನಿ," ಎಂದು ಸಾವಕಾರರು ಗೊಣಗಿದರು. ಅವಳು ಅವಸರಪಡಲಿಲ್ಲ. ಎಲ್ಲ ಹೋಗಿ ಮೂರು ಹನಿಯ ಅಕ್ಷರವೊಂದೇ ಉಳಿಯಿತು. ಆಗ ಅವಳು ತೋರುಬೆರಳು ಮಡಚಿದಳು. ಹೆಬ್ಬೆಟ್ಟು ಮುಂದೆ ಮಾಡಿ, ವಾರದ ಕೂಲಿಯ ಬಟವಾಡೆಗೆ ಒತ್ತುವ ಹಾಗೆಯೇ, ಆ ಅಕ್ಷರದ ಮೇಲೆ ಒತ್ತಿ ಒಂದು ಕ್ಷಣ ಹಿಡಿದಳು.

ಒಳಗೆ ಬ್ರಷ್ಷು ಗಾಜಿನ ಮೇಲೆ ಓಡಿದ ಸದ್ದು ಕೇಳಿತು. ಬಿಳಿ ಅಕ್ಕಿ ತನ್ನ ದಾರಿಗೆ ಮರಳಿತು. ಚೆನ್ ತಾನೂ ಹೆಬ್ಬೆಟ್ಟು ಎತ್ತಿ ತೋರಿಸಿದ. ಸಾವಕಾರರು ಒಂದು ಹಿಡಿ ಅಕ್ಕಿ ಎತ್ತಿ ನೋಡಿ, ಬಾಗಿಲ ಹತ್ತಿರದವನಿಗೆ, "ನೀವು ಊಟ ಮಾಡ್ಕೊಂಡು ಹೊರಡ್ರಿ," ಎಂದರು. ಯಂಕಮ್ಮ ನಕ್ಕಳು, ನಗುತ್ತ ನಗುತ್ತ ಅತ್ತಳು. ನಾನೂ ಅತ್ತೆ. ತೌಡು ಕಣ್ಣಿಗೆ ಬಿತ್ತು ಎಂದು ಹೇಳುವ ಅಭ್ಯಾಸ ನನಗಿಲ್ಲ.

ಹೊರಗೆ ಬಂದ ಮೇಲೆ, ಕ್ಲಾಸಿನಲ್ಲಿ ಬಿಟ್ಟು ಹೋದ ಮೊರ ಒಯ್ಯಿ ಎಂದೆ. "ಇನ್ನ ನನಗ ಯಾಕ್ರಿ ಅದು? ನೀವ ಇಟಗೋರಿ, ಅಕ್ಕಿ ಹಸನ ಮಾಡೋದು ಕಲೀರಿ," ಎಂದಳು. ನನಗೆ ಇನ್ನೊಂದು ಕೇಳುವುದಿತ್ತು. ಹೆಬ್ಬೆಟ್ಟು ಒತ್ತು ಎಂದು ನಾನು ಯಾವತ್ತೂ ಹೇಳಿಕೊಟ್ಟಿರಲಿಲ್ಲವಲ್ಲ, ಅದು ಹೇಗೆ ಹೊಳೆಯಿತು ಎಂದೆ.

ಅವಳು ತೋರುಬೆರಳು ಎತ್ತಿ ನನಗೆ ತೋರಿಸಿದಳು. "ಇದು ಬ್ಯಾಡಾದ್ದನ್ನ ತಗ್ಯಾಕ ಇರೋದ್ರಿ ಬಾಯಾರ. ಹೂಂ ಅನ್ನಾಕ ನಮಗ ಯಾವಾಗ್ಲೂ ಹೆಬ್ಬೆಟ್ಟ ಅಲ್ರಿ?" ಎಂದಳು. ಆಮೇಲೆ ಹೆಬ್ಬೆಟ್ಟಿಗೆ ಅಂಟಿದ್ದ ತೌಡನ್ನು ಸೆರಗಿಗೆ ಒರೆಸಿಕೊಂಡು, ಪಾಳಿಗೆ ಹೊತ್ತಾಯಿತೆಂದು ಒಳಗೆ ಹೋದಳು.